ತೋಳಿನ ಮೇಲಿನ ನಂಬರು

"ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು?" ಟೈಲರಮ್ಮ ತಲೆಯೆತ್ತದೆ ಕೇಳಿದಳು. ಸಂಜೆಯೊಳಗೆ ಚಂಡಮಾರುತ ದಡ ಮುಟ್ಟುವುದಿತ್ತು. ಶಾಲೆಗೆ ಆಶ್ರಯಕ್ಕೆ ಬಂದವರ ತೋಳಿನ ಮೇಲೆ ಹೆಸರು, ಮನೆಯವರ ನಂಬರು ಬರೆಯುವುದು ಸ್ವಯಂಸೇವಕಿಯಾಗಿ ಅವಳ ಪಾಲಿಗೆ ಬಂದ ಕೆಲಸ.

ಸಾಲಿನ ಮುಂದಿದ್ದ ಹೆಂಗಸು ಸೆರಗು ಸರಿಸಿದಳು. ಚಾಚಿದ ತೋಳಿನಲ್ಲಿ ಇಸ್ತ್ರಿಪೆಟ್ಟಿಗೆಯ ಹಳೆಯ ಸುಟ್ಟ ಕಲೆ ಕಂಡು ಟೈಲರಮ್ಮನ ಪೆನ್ನು ನಿಂತಿತು. ಅಕ್ಕ! ಅಮ್ಮ ತೀರಿಕೊಂಡಾಗ ಹೊಲಿಗೆ ಯಂತ್ರ ಯಾರಿಗೆಂದು ಜಗಳವಾಡಿ ಮಾತು ಬಿಟ್ಟು ಆರು ವರ್ಷವಾಗಿತ್ತು. ಬೀದಿಯಲ್ಲಿ ಎದುರಾದರೆ ತಪ್ಪಿಸಿಕೊಳ್ಳಲು ಇಬ್ಬರೂ ಒಟ್ಟಿಗೇ ರಸ್ತೆ ದಾಟಿ, ಆಚೆ ಬದಿಯಲ್ಲಿ ಮತ್ತೆ ಎದುರಾಗುತ್ತಿದ್ದರು. ಈಗ ಅಕ್ಕನ ಹಿಂದೆ ಉದ್ದನೆಯ ಸಾಲು ನಿಂತಿತ್ತು. ಟೈಲರಮ್ಮ ಹೆಸರು ಕೇಳದೆಯೇ ಬರೆದು, "ನಂಬರು?" ಎಂದಳು.

ಅಕ್ಕ ಗೋಡೆ ನೋಡುತ್ತಾ, ಮಗ್ಗಿ ಒಪ್ಪಿಸುವವಳಂತೆ ಹತ್ತು ಅಂಕಿ ಹೇಳಿದಳು. ನಾಲ್ಕನೆಯದಕ್ಕೇ ಟೈಲರಮ್ಮನ ಕೈ ನಿಧಾನವಾಯಿತು. ಅದು ಅವಳದೇ ನಂಬರು.

"ಬದಲಾಯಿಸಿಲ್ಲ ತಾನೆ?" ಅಕ್ಕ ಮೆಲ್ಲಗೆ ಕೇಳಿದಳು.

ಟೈಲರಮ್ಮ ಕೊನೆಯ ಅಂಕಿಯನ್ನು ದಪ್ಪಗೆ ತಿದ್ದಿದಳು. "ಇಲ್ಲ ಅಕ್ಕ. ಕಿಟಕಿ ಹತ್ರ ಕೂತ್ಕೋಬೇಡ, ಗಾಳಿ ಜಾಸ್ತಿ. ಒಳಗೆ ನನ್ನ ಚಾಪೆ ಇದೆ, ಅಲ್ಲಿಗೆ ಹೋಗು."