ಟೀಚರಮ್ಮನ ತಲೆ

ಕತ್ತರಿ ನಿಂತಿತು. ಕೊರಳವರೆಗೂ ಬಿಳಿ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತು ಓದುತ್ತಿದ್ದ ತಮ್ಮ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದ.

“‘ಆಲೋಚನಾ ವಿರೂಪ’ ಅಂದ್ರೇನೋ?” ಎಂದಳು ಅಕ್ಕ. “ಯಾರಿಗೋ ಬೈದ ಹಾಗಿದೆ.”

“ಇದ್ದದ್ದನ್ನ ಇದ್ದ ಹಾಗೆ ನೋಡದೆ, ಕೆಟ್ಟದ್ದೇ ಆಗುತ್ತೆ ಅಂತ ಮನಸ್ಸು ಹಟ ಹಿಡಿಯೋದು.”

“ಹಾಗಂತಲೇ ಬರಿ. ಅದಕ್ಕೇನು ದುಡ್ಡು ಕೊಡ್ಬೇಕಾ?”

ಅವನು ಬಟ್ಟೆಯೊಳಗಿಂದ ಕೈ ಹೊರಗೆ ತೆಗೆದು ಪೆನ್ಸಿಲಿನಲ್ಲಿ ತಿದ್ದಿದ. ಕತ್ತರಿ ಮತ್ತೆ ಕಚಕಚ ಎಂದಿತು. ಅವರಿಬ್ಬರ ಒಪ್ಪಂದವೇ ಹಾಗೆ. ಊರಿಗೆಲ್ಲ ಅವನು ಹೆಸರಾಂತ ಮನಃಶಾಸ್ತ್ರಜ್ಞ. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಸಾಮಾನ್ಯ ಜನರಿಗೆ ಅರ್ಥವಾಗುವಂತೆ ಮನಸ್ಸಿನ ವಿಷಯ ಬರೆಯುವವನು. ಆ ‘ಅರ್ಥವಾಗುವಂತೆ’ ಎಂಬುದರ ಗುಟ್ಟು ಮಾತ್ರ ಅಕ್ಕನ ಈ ಎರಡು ಕುರ್ಚಿಯ ಸಲೂನಿನಲ್ಲಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಬಂದು ಅವನು ಲೇಖನ ಓದಬೇಕು, ಅಕ್ಕ ಕೈಕೆಲಸ ಮಾಡುತ್ತ ಕೇಳಬೇಕು. ಒಂದು ವಾರ ಕೂದಲು, ಒಂದು ವಾರ ಗಡ್ಡ, ಎರಡೂ ಬೇಡವಾದ ವಾರ ತಲೆಗೆ ಎಣ್ಣೆ. ಅವಳ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ವಾಕ್ಯ ಕೈಕೊಟ್ಟಿದೆ ಎಂದೇ ಲೆಕ್ಕ. ಪಾಪ, ಇದೊಂದೂ ತಿಳಿಯದ ಸಂಪಾದಕರು ಅವನ ಶೈಲಿಯನ್ನು ಹೊಗಳಿದ್ದೇ ಹೊಗಳಿದ್ದು.

ಈಚೆಗೆ ಕೆಲವು ವಾರ ಅವನು ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಇವತ್ತು ಅಕ್ಕನೇ ಫೋನ್ ಮಾಡಿ, “ನೀನಾಗಿ ಬರ್ತೀಯೋ, ಇಲ್ಲ ಕತ್ತರಿ ಹಿಡ್ಕೊಂಡು ನಾನೇ ಕ್ಲಿನಿಕ್ಕಿಗೆ ಬರ್ಲೋ?” ಎಂದು ಗದರಿ ಕರೆಸಿದ್ದಳು.

ಈ ವಾರದ ಲೇಖನ ಒಬ್ಬ ಟೀಚರಮ್ಮನದು. ತನ್ನ ಹತ್ತಿರ ಬರುವವರ ಬಗ್ಗೆ ಬರೆಯುವಾಗ ಅವನು ಗಂಡಸನ್ನು ಹೆಂಗಸು ಮಾಡುತ್ತಿದ್ದ. ಊರು, ವಯಸ್ಸು, ಕೆಲಸ ಎಲ್ಲವನ್ನೂ ಬದಲಾಯಿಸುತ್ತಿದ್ದ. ಹೆತ್ತ ತಾಯಿಗೂ ಗುರುತು ಸಿಗಬಾರದು, ಹಾಗೆ.

“ತರಗತಿಯ ಬಾಗಿಲು ಮುಟ್ಟಿದ ಕೂಡಲೇ ಆಕೆಯ ಎದೆ ಬಿಗಿಯುತ್ತದೆ,” ಎಂದು ಓದಿದ. “ಅಂಗೈ ಬೆವರುತ್ತದೆ. ಒಳಗಿರುವವರೆಲ್ಲ ತನ್ನನ್ನೇ ನಂಬಿ ಬಂದಿದ್ದಾರೆ, ತನಗೋ ಹೇಳಲು ಏನೂ ಉಳಿದಿಲ್ಲ ಎನಿಸುತ್ತದೆ. ಮನೆಯವರ ಎದುರು ನಗುನಗುತ್ತಲೇ ಇರುತ್ತಾಳೆ. ಇದನ್ನು ಆಕೆ ಯಾರಿಗೂ ಹೇಳಿಲ್ಲ.”

ಕತ್ತರಿ ನಿಂತಿತು.

“ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ ಅಕ್ಕಾ?”

ಅಕ್ಕ ಅವನ ಬಲಗಿವಿಯನ್ನು ಮೆಲ್ಲಗೆ ಮುಂದಕ್ಕೆ ಮಡಿಸಿ, ಅದರ ಹಿಂದೆ ಬೆರಳಿಟ್ಟಳು. ಅಲ್ಲಿ ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಚಿಕ್ಕವನಿದ್ದಾಗ ಪರೀಕ್ಷೆ ಬಂತೆಂದರೆ ಅವನು ಅದೇ ಜಾಗದ ಕೂದಲನ್ನು ಬೆರಳಿಗೆ ಸುತ್ತಿ ಸುತ್ತಿ ಕೀಳುತ್ತಿದ್ದ. ಆಗೆಲ್ಲ ಅಕ್ಕ ಪಕ್ಕದಲ್ಲಿ ಕೂತು, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಪಾಠ ಓದಿಸುತ್ತಿದ್ದಳು. ಟೀಚರಮ್ಮನ ಊರು, ವಯಸ್ಸು, ಕೆಲಸವನ್ನೆಲ್ಲ ಬದಲಾಯಿಸಿದ ಜಾಣ, ತಲೆಯನ್ನು ಮಾತ್ರ ಇದ್ದ ಹಾಗೇ ತಂದು ಅಕ್ಕನ ಕೈಗೆ ಕೊಟ್ಟಿದ್ದ.

“ಯಾವಾಗಿಂದ?” ಎಂದಳು.

ಸುಳ್ಳು ಹೇಳೋಣವೆಂದರೆ ಎದುರಿಗೇ ಕನ್ನಡಿ. ಎದ್ದು ಹೋಗೋಣವೆಂದರೆ ಅರ್ಧ ತಲೆ ಕಟಿಂಗ್ ಆಗಿದೆ.

“ಎರಡು ತಿಂಗಳಾಯ್ತು,” ಎಂದ. “ಬಂದವರು ಹೊರಗೆ ಕಾಯ್ತಾ ಕೂತಿರ್ತಾರೆ. ನಾನು ಒಳಗೆ ಬಾಗಿಲು ಹಾಕ್ಕೊಂಡು ನೀರು ಕುಡೀತಾ ಇರ್ತೀನಿ. ಕರೆಯೋಕೇ ಭಯ ಅಕ್ಕಾ. ಡಾಕ್ಟರಿಗೇ ಹೀಗೆ ಅಂತ ಗೊತ್ತಾದ್ರೆ ನಾಳೆ ಯಾರು ಬರ್ತಾರೆ ನನ್ನ ಹತ್ರ?”

“ನಿನ್ನ ಜೊತೆ ಓದಿದೋರು ಅಷ್ಟು ಜನ ಇದ್ದಾರಲ್ಲ, ಒಬ್ಬರಿಗಾದ್ರೂ ಹೇಳಿದ್ಯಾ?”

“ನಾಚಿಕೆ ಆಗುತ್ತೆ.”

“ನನ್ನ ಕೂದಲು ಯಾರು ಕಟ್ ಮಾಡ್ತಾರೆ ಗೊತ್ತಾ? ಹಿಂದಿನ ಬೀದಿ ಸಲೂನಿನವಳು. ಅದನ್ನ ನೋಡಿ ನನ್ನ ಗಿರಾಕಿ ಯಾರೂ ಓಡಿಹೋಗಿಲ್ಲ.” ಅವಳ ಕಣ್ಣು ತುಂಬಿತ್ತು, ಬಯ್ಯುವ ದನಿಯನ್ನು ಮಾತ್ರ ಬಿಟ್ಟಿರಲಿಲ್ಲ. “ಬಾಯಿಬಿಟ್ಟು ಹೇಳ್ಕೊಳ್ಳಿ ಅಂತ ವಾರ ವಾರ ಊರಿಗೆಲ್ಲ ಬರೀತೀಯ. ಒಂದು ಸಲ ನನಗೆ ಹೇಳೋಕಾಗ್ಲಿಲ್ವಾ, ಕತ್ತೆ?”

ಅವನು ಹೊದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಳ್ಳಲು ಹೋಗಿ, ಅದರ ಮೇಲಿದ್ದ ಕೂದಲನ್ನೆಲ್ಲ ಮುಖಕ್ಕೆ ಮೆತ್ತಿಕೊಂಡ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ನಗುತ್ತ ನಗುತ್ತಲೇ ಅತ್ತುಬಿಟ್ಟ. ಅವಳು ಬ್ರಷ್ಷಿನಿಂದ ಅವನ ಮುಖ ಒರೆಸಿ, ಫೋನನ್ನು ಅವನ ಕೈಗಿಟ್ಟಳು. ಜೊತೆಗೆ ಓದಿದ ಗೆಳತಿಯೊಬ್ಬಳಿಗೆ ಅವನು, “ನಾಳೆ ನಿನ್ನ ಹತ್ರ ಬರ್ತೀನಿ, ಹರಟೆಗಲ್ಲ, ತೋರಿಸ್ಕೊಳ್ಳೋಕೆ,” ಎಂದು ಹೇಳುವವರೆಗೂ ಅಕ್ಕ ಕತ್ತರಿ ಮುಟ್ಟಲಿಲ್ಲ.

ಕಟಿಂಗ್ ಮುಗಿದ ಮೇಲೆ ಅವನು ಕನ್ನಡಿಯಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡ. “ಬಲಗಡೆ ಸ್ವಲ್ಪ ಉದ್ದ ಉಳೀತಲ್ಲ ಅಕ್ಕಾ?”

“ಬೇಕಂತಲೇ ಬಿಟ್ಟಿದ್ದೀನಿ. ಆ ಜಾಗ ಮುಚ್ಚಿರುತ್ತೆ, ಹೊರಗಿನವರಿಗೆ ಕಾಣಲ್ಲ.” ಅಕ್ಕ ಬಟ್ಟೆಯನ್ನು ಬಿಚ್ಚಿ ಬಾಗಿಲಾಚೆ ಕೊಡವಿದಳು. “ನನಗೆ ಮಾತ್ರ ವಾರ ವಾರ ಬಂದು ಕಿವಿ ಮಡಿಸಿ ತೋರಿಸ್ಬೇಕು, ಲೇಖನ ಇರಲಿ ಬಿಡಲಿ. ಮತ್ತೆ ‘ಯಾರಿಗೂ ಹೇಳಿಲ್ಲ’ ಅನ್ನೋ ಆ ಸಾಲು ಹೊಡೆದುಹಾಕು. ಟೀಚರಮ್ಮ ಹೇಳಿಯಾಯ್ತಲ್ಲ.”