ನಡೀನ್ ಅಂಗಡಿಯ ಬೋರ್ಡು

"ಅದು ಬೇಡ. ಆ ಉದ್ದದ್ದು ತೋರಿಸಿ," ಎಂದ ಡೆಲ್ಬರ್ಟ್, ಹೆಂಡತಿ ಬಾಯಿ ತೆರೆಯುವ ಮೊದಲೇ.

ನಡೀನ್ ಕೈಯಲ್ಲಿದ್ದ ಪುಟ್ಟ ರಿವಾಲ್ವರನ್ನು ಕೌಂಟರಿನ ಮೇಲಿಟ್ಟಳು. ಮಿಸ್ಸೌರಿಯ ಆ ಹೆದ್ದಾರಿ ಬದಿಯ ಬಂದೂಕಿನಂಗಡಿ ಅವಳದೇ. ಗಂಡ ಹೆಂಡಿರು ಜೋಡಿಯಾಗಿ ಬಂದರೆ ಅವಳು ಮೊದಲು ಗಮನಿಸುತ್ತಿದ್ದುದು ಯಾರ ಮಾತನ್ನು ಯಾರು ಆಡುತ್ತಾರೆ ಎಂಬುದನ್ನು. ಅವಳಿಗೆ ಮೂರು ಮದುವೆಗಳ ಅನುಭವವಿತ್ತು. ಎರಡು ತನ್ನವು, ಒಂದು ತಂಗಿಯದು. ತನ್ನವೆರಡೂ ಕೋರ್ಟಿನಲ್ಲಿ ಮುಗಿದಿದ್ದವು. ತಂಗಿಯದು ಸ್ಮಶಾನದಲ್ಲಿ.

ಬಂದೂಕು ಬೇಕಾಗಿದ್ದುದು ಹೆಂಡತಿಗೆ. ಹೆಸರು ಟ್ವೈಲಾ. ಬೆರಳಗಲದ ಬಿಸಿ ಕೋಲಿಗೆ ಸುತ್ತಿ ಸುರುಳಿ ಮಾಡಿದ ಕೂದಲು, ಒಂದೆಳೆಯೂ ಆಚೀಚೆ ಇಲ್ಲ. ಮನೆ ಊರಿನಿಂದ ದೂರ, ಪಕ್ಕದವರ ಕೊಟ್ಟಿಗೆಗೆ ಕಳ್ಳರು ನುಗ್ಗಿದ್ದರು, ಮನೆಯಲ್ಲಿ ಈವರೆಗೆ ಬಂದೂಕೇ ಇರಲಿಲ್ಲ ಎಂದು ಮೆಲುದನಿಯಲ್ಲಿ ಹೇಳಿದ್ದಳು. ಅಷ್ಟು ಹೇಳಲು ಗಂಡ ಬಿಟ್ಟಿದ್ದೇ ಹೆಚ್ಚು.

ಅಲ್ಲಿಂದಾಚೆಗೆ ಮಾತೆಲ್ಲ ಅವನದೇ. ಆಗಸ್ಟಿನ ಧಗೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ ತೊಟ್ಟಿದ್ದ. ಜೈಲಿನಲ್ಲಿ ಹಾಕಿಸಿಕೊಂಡ ಹಚ್ಚೆ ಮುಚ್ಚಲು ಕೆಲವರು ಹಾಗೆ ಮಾಡುತ್ತಾರೆಂದು ನಡೀನ್‌ಗೆ ಗೊತ್ತಿತ್ತು. ಹೆಂಗಸರಿಗೆ ಪಿಸ್ತೂಲು ಒಗ್ಗುವುದಿಲ್ಲ ಎಂದ. ಭಾರವಾದ, ಉದ್ದವಾದ, ಬೀರುವಿನ ಮೇಲಿಟ್ಟರೆ ಕೈಗೆಟುಕದಂಥದ್ದೇ ಆಗಬೇಕು ಎಂದ. ಒಂದೊಂದು ಮಾತಿಗೂ ಮೊದಲು ಓರೆಗಣ್ಣಿನಿಂದ ಹೆಂಡತಿಯ ಮುಖ ನೋಡುತ್ತಿದ್ದ. ಅವಳು ಉಸಿರಾಡುವುದಕ್ಕೂ ಇವನ ಅಪ್ಪಣೆ ಬೇಕೇನೋ ಅನ್ನಿಸಿತು ನಡೀನ್‌ಗೆ. ಪಿಕಪ್ ಗಾಡಿಯ ಕೀ ಮಾತ್ರ ಟ್ವೈಲಾಳ ಬೆರಳಲ್ಲಿ ತೂಗುತ್ತಿತ್ತು. ಪುಣ್ಯಾತ್ಮ ಅಷ್ಟಾದರೂ ಬಿಟ್ಟುಕೊಟ್ಟಿದ್ದಾನೆ.

"ಇವನಿಗೆ ಮಾತು ಜಾಸ್ತಿ," ಎಂದಳು ಟ್ವೈಲಾ, ನಕ್ಕಂತೆ ಮಾಡಿ. "ಮನೇಲಿ ಇಷ್ಟೊಂದು ಆಡಲ್ಲ."

ನಡೀನ್ ಉದ್ದ ಕೋವಿಯನ್ನು ಇಳಿಸಿ, ಗುಂಡಿಲ್ಲವೆಂದು ತೋರಿಸಲು ಅದನ್ನು ಖಟಕ್ಕನೆ ತೆರೆದಳು. ಡೆಲ್ಬರ್ಟ್ ಬೆಚ್ಚಿ ಹಿಂದೆ ಸರಿದ. ಇಂಥವರ ಪೌರುಷವೆಲ್ಲ ಮನೆಯೊಳಗೇ ಎಂದುಕೊಂಡಳು.

"ಹೂಂ, ಇದೇ ಇರಲಿ. ನಾನು ಆರಿಸಿದೀನಿ, ಅವಳ ಹೆಸರಲ್ಲಿ ಕೊಡಿ," ಎಂದು ಅವನು ಅಂಗಡಿಗೆಲ್ಲ ಕೇಳುವಂತೆ ಹೇಳಿದ. "ನಂಗೇ ಅಂತಾನೇ ಇಟ್ಕೊಳ್ಳಿ."

ಇಷ್ಟು ದಡ್ಡನನ್ನು ನಡೀನ್ ಕಂಡಿರಲಿಲ್ಲ. ಅವನ ತಲೆಯ ಮೇಲೇ, ಜಿಂಕೆಯ ಕೊಂಬಿನ ಕೆಳಗೆ, ತಂಗಿ ಸತ್ತ ವರ್ಷ ಅವಳು ಕೆಂಪು ಅಕ್ಷರದಲ್ಲಿ ಬರೆಸಿದ್ದ ಬೋರ್ಡಿತ್ತು: ಆರಿಸುವವರೊಬ್ಬರು, ಕೊಳ್ಳುವವರೊಬ್ಬರು ಆದರೆ ಇಲ್ಲಿ ಬಂದೂಕು ಮಾರುವುದಿಲ್ಲ. ಜೈಲು ಕಂಡು ಬಂದು, ತಮ್ಮ ಹೆಸರಲ್ಲಿ ಬಂದೂಕು ಕೊಳ್ಳುವಂತಿಲ್ಲದ ಗಂಡಸರು ಹೆಂಡಿರನ್ನು ಮುಂದಿಟ್ಟುಕೊಂಡು ಕೊಳ್ಳುವುದು ಆ ಕಡೆ ಹಳೆಯ ಆಟ. ಕಾನೂನಿಗೂ ಗೊತ್ತು, ನಡೀನ್‌ಗೂ ಗೊತ್ತು.

"ನಾನು ಮಾರಲ್ಲ," ಎಂದಳು. "ಬೋರ್ಡ್ ಓದೋಕೆ ಬರುತ್ತಲ್ಲ?"

ಡೆಲ್ಬರ್ಟ್ ಮೊದಲ ಸಲ ನಕ್ಕ. ಏನು ಕೊಬ್ಬು! ತಕರಾರಿಲ್ಲ, ವಾದವಿಲ್ಲ. ಟೋಪಿ ಕೈಗೆತ್ತಿಕೊಂಡ. "ಅಂಗಡಿ ಅವರದು, ಅವರಿಷ್ಟ. ನಡಿ ಟ್ವೈಲಾ, ಹೋಗೋಣ."

ಟ್ವೈಲಾ ಕದಲಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ನೋಡಿದ್ರಲ್ಲ ಮೇಡಂ," ಎಂದಳು. "ಇದಕ್ಕೇ ನಂಗೆ ಬೇಕಾಗಿರೋದು."

ನಡೀನ್‌ಗೆ ತಂಗಿಯ ಮುಖ ನೆನಪಾಯಿತು. ಅವಳೂ ಒಮ್ಮೆ ಇದೇ ಕೌಂಟರಿನ ಎದುರು ಹೀಗೇ ನಿಂತಿದ್ದಳು. ಬರಿಗೈಯಲ್ಲಿ ಮನೆಗೆ ಹೋಗಿದ್ದಳು.

"ನೀನು ಹೊರಗೆ ಹೋಗಪ್ಪಾ," ಎಂದಳು ನಡೀನ್, ಡೆಲ್ಬರ್ಟ್‌ಗೆ.

"ಮಾರಲ್ಲ ಅಂದ್ರಲ್ಲ ಮೇಡಂ."

"ನಿನಗೆ ಮಾರಲ್ಲ. ನಡಿ ಆಚೆ."

ಅವನ ಮುಖ ಬಿಳಿಚಿತು. ಟೋಪಿ ಕೈಜಾರಿ ಕೌಂಟರಿನ ಮೇಲೆ ಬಿತ್ತು. ಬೇಡ, ಇನ್ನೊಂದು ದಿನ ಬರುತ್ತೇವೆ ಎಂದು ತಡವರಿಸಿದ. ನಡೀನ್ ಕೌಂಟರು ದಾಟಿ ಬಂದು ತಾನೇ ಬಾಗಿಲು ತೆರೆದು ಹಿಡಿದಳು. ಹೆಂಡತಿಯನ್ನು ಒಮ್ಮೆ ನೋಡಿ ಅವನು ಹೊರಗೆ ಹೋದ.

ಒಬ್ಬಳೇ ಆದಮೇಲೆ ಟ್ವೈಲಾ ಬೇರೆಯೇ ಹೆಂಗಸು. ಕಣ್ಣೀರು ಆರಿತು. ಬೆನ್ನು ನೇರವಾಯಿತು. ಬಂದೂಕು ಖಾಲಿಯಿದ್ದರೂ ಗುಂಡು ತುಂಬಿದೆ ಎಂದೇ ಹಿಡಿಯಬೇಕು ಎಂದು ನಡೀನ್ ಹೇಳಿಕೊಟ್ಟ ಪಾಠ ಒಂದೇ ಸಲಕ್ಕೆ ಹತ್ತಿತು. ಪುಟ್ಟ ರಿವಾಲ್ವರು ಅವಳ ಅಂಗೈಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ನಡುಗದ ಕೈ.

"ಮನೇಲಿ ಭಯದಲ್ಲಿ ಬದುಕ್ತಿದೀಯಾ? ನಿಜ ಹೇಳಮ್ಮಾ," ಎಂದಳು ನಡೀನ್.

ಟ್ವೈಲಾ ಕಿಟಕಿಯಾಚೆ ನೋಡಿದಳು. "ಭಯ ಇದೆ ಮೇಡಂ ನಮ್ಮನೇಲಿ."

ಬಂದೂಕು ಕೊಳ್ಳುವವರ ಹಿನ್ನೆಲೆ ನೋಡುವ ಸರ್ಕಾರಿ ಕಚೇರಿಗೆ ನಡೀನ್ ಫೋನು ಮಾಡಿ ವಿಚಾರಿಸಿದಳು. ಟ್ವೈಲಾಳ ಮೇಲೆ ಯಾರೂ ಎಂದೂ ದೂರು ಕೊಟ್ಟಿರಲಿಲ್ಲ. ಗುಂಡಿನ ಡಬ್ಬಿಯೊಂದನ್ನು ನಡೀನ್ ತನ್ನ ಲೆಕ್ಕದಲ್ಲೇ ಕೊಟ್ಟಳು. ಹೊರಡುವಾಗ ಟ್ವೈಲಾ ಅವಳನ್ನು ಅಪ್ಪಿಕೊಂಡಳು. ಬಹಳ ವರ್ಷಗಳ ಒಂದು ಭಾರ ಇಳಿದಂತಾಯಿತು ನಡೀನ್‌ಗೆ.

ಟೋಪಿ ಕಣ್ಣಿಗೆ ಬಿದ್ದಿದ್ದು ಆಮೇಲೆ. ಎತ್ತಿಕೊಂಡು ಹೊರಗೆ ಹೋದಳು. ಟ್ವೈಲಾ ಆಗಲೇ ಪಿಕಪ್‌ನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ರಿವಾಲ್ವರಿನ ಪೆಟ್ಟಿಗೆ ತೊಡೆಯ ಮೇಲಿತ್ತು. ಡೆಲ್ಬರ್ಟ್ ಗಾಡಿ ಹತ್ತದೆ ಹಿಂದುಗಡೆ ನಿಂತಿದ್ದ.

"ಇನ್ಮೇಲಾದ್ರೂ ಹದ್ದಲ್ಲಿರು," ಎಂದು ನಡೀನ್ ಟೋಪಿ ನೀಡಿದಳು.

ಅವನು ಕೈ ಚಾಚಿದ. ಅಂಗಿಯ ತೋಳು ಹಿಂದಕ್ಕೆ ಸರಿಯಿತು. ಹಚ್ಚೆ ಇರಲಿಲ್ಲ. ಮಣಿಕಟ್ಟಿನಿಂದ ಮೇಲಕ್ಕೆ ಒಂದರ ಪಕ್ಕ ಒಂದು ಸುಟ್ಟ ಬರೆಗಳು, ಬೆರಳಗಲ, ಬಿಸಿ ಕೋಲಿಟ್ಟು ಎಳೆದಷ್ಟು ನೇರ. ಕೆಲವು ಬೆಳ್ಳಗೆ ಮಾಗಿದ್ದವು. ಒಂದು ಇನ್ನೂ ಹಸಿಯಾಗಿತ್ತು.

ಗಾಡಿಯ ಹಾರನ್ ಒಮ್ಮೆ, ಚಿಕ್ಕದಾಗಿ ಕೂಗಿತು. ಕೋವಿ ತೆರೆದಾಗ ಬೆಚ್ಚಿದಂತೆಯೇ ಬೆಚ್ಚಿದ.

"ಬೋರ್ಡು ಮೊದಲೇ ಓದಿದ್ದೆ ಮೇಡಂ," ಎಂದ, ಟೋಪಿ ಹಾಕಿಕೊಳ್ಳುತ್ತಾ. "ಅದನ್ನೇ ನಂಬ್ಕೊಂಡು, ಬೇಕಂತಲೇ ಅಷ್ಟೆಲ್ಲ ಬಾಯಿ ಮಾಡ್ದೆ."