ಮ್ಯಾನೇಜರ್ ಮೇಡಂಗೆ ಕೊನೆಯ ದಿನ

ಸಂಜೆ ನಾಲ್ಕರೊಳಗೆ ಮ್ಯಾನೇಜರ್ ಮೇಡಂ ಅವರನ್ನು ಕೆಲಸದಿಂದ ತೆಗೆಯಬೇಕಿತ್ತು. ಇಲ್ಲದಿದ್ದರೆ ಮುಂದಿನ ವರ್ಷದ ಆರ್ಡರ್ ಇಲ್ಲ.

ರಟ್ಟಿನ ಪೆಟ್ಟಿಗೆ ಮಾಡುವ ಆ ಪುಟ್ಟ ಅಂಗಡಿಯ ಒಡತಿ ಬೆಳಗಿನಿಂದ ಈ ಒಂದು ಕೆಲಸ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದಳು. ಅಂಟಿನ ಡಬ್ಬಗಳ ಮುಚ್ಚಳ ಬಿಗಿದಳು. ಕತ್ತರಿಸುವ ಯಂತ್ರಕ್ಕೆ ಎಣ್ಣೆ ಹಾಕಿ ಹಳೆಯ ಬೆಡ್‌ಶೀಟ್ ಹೊದಿಸಿದಳು. ನೆಲ ಗುಡಿಸಿದಳು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ನಾಳೆಯಿಂದ ವರ್ಷಕ್ಕೊಮ್ಮೆಯ ರಜೆ. ಸಂಜೆಯ ರೈಲಿಗೆ ಜೊತೆಯಾಗಿ ಹೊರಡಬೇಕಾಗಿದ್ದ ಅಕ್ಕ ಆಗಲೇ ಬಂದು ಸೂಟ್‌ಕೇಸಿನ ಮೇಲೆ ಕೂತಿದ್ದಳು.

"ಇನ್ನೂ ಕಳಿಸಿಲ್ವಾ ಅವಳನ್ನ?"

"ಹೇಗೆ ಕಳಿಸ್ಲಿ ಅಕ್ಕ? ಇಷ್ಟು ವರ್ಷದಲ್ಲಿ ಒಂದು ದಿನ ರಜೆ ಕೇಳಿಲ್ಲ. ಸಂಬಳ ಜಾಸ್ತಿ ಮಾಡಿ ಅಂತ ಬಾಯಿ ಬಿಟ್ಟಿಲ್ಲ."

"ಅವಳಿಗೇನು ಗಂಡನಾ, ಮಕ್ಕಳಾ? ಬೀದಿಗೇನೂ ಬೀಳಲ್ಲ ಬಿಡು."

ತಂಗಿಗೆ ಈ ಮಾತು ಹಿಡಿಸಲಿಲ್ಲ. ಪೊರಕೆಯನ್ನು ಮೂಲೆಗೆ ಸ್ವಲ್ಪ ಜೋರಾಗಿಯೇ ಒರಗಿಸಿದಳು.

ಮೇಡಂ ಕುರಿತ ಜಗಳ ಶುರುವಾದದ್ದು ಹೋದ ವಾರ. ಮೇಣದ ಬತ್ತಿ ಕಂಪನಿಯ ಖರೀದಿ ಮುಖ್ಯಸ್ಥ ಫೋನ್ ಮಾಡಿ, ಪೆಟ್ಟಿಗೆ ಬೇಗ ಬೇಕು, ರೇಟೂ ಇಳಿಸಬೇಕು ಎಂದು ಪಟ್ಟು ಹಿಡಿದಿದ್ದ. ಮ್ಯಾನೇಜರ್ ಮೇಡಂ "ಆಗಲ್ಲ" ಎಂದು, ಅವನು ಮಾತಾಡುತ್ತಿರುವಾಗಲೇ ಫೋನ್ ಇಟ್ಟುಬಿಟ್ಟರು. ಅವನೂ ಕಡಿಮೆ ಆಸಾಮಿಯಲ್ಲ. ವರ್ಷವಿಡೀ ನೆಗಡಿ ಹಿಡಿದಂಥ ದನಿಯಲ್ಲಿ ಗುಡುಗುವವನು. ಮರುದಿನ ಒಡತಿಗೇ ಫೋನ್ ಮಾಡಿ, "ಕೊನೇ ಲೋಡು ತಗೊಂಡು ಹೋಗೋಕೆ ನಮ್ಮ ಯಜಮಾನರೇ ಬರ್ತಾರೆ. ಅಷ್ಟರಲ್ಲಿ ಆಯಮ್ಮ ಅಲ್ಲಿರಬಾರದು" ಎಂದಿದ್ದ.

ದೊಡ್ಡ ಕಂಪನಿ ಅದು. ಖರೀದಿ ವಿಭಾಗಕ್ಕೆ ಫೋನ್ ಮಾಡಿದರೆ ಒಂದು ನಾಯಿ ಬೊಗಳುವುದು ಕೇಳಿಸುತ್ತಿತ್ತು, ಲೆಕ್ಕದ ವಿಭಾಗಕ್ಕೆ ಮಾಡಿದರೆ ಒಂದು, ಯಜಮಾನರ ಕೋಣೆಗೆ ಮಾಡಿದರೆ ಇನ್ನೊಂದು. ವಿಭಾಗಕ್ಕೊಂದು ಕಾವಲು ನಾಯಿ ಸಾಕಿದ ಗಿರಾಕಿಯನ್ನು ಕಳೆದುಕೊಳ್ಳುವುದು ಹುಡುಗಾಟವಲ್ಲ. ಅವಳ ಅರ್ಧ ವ್ಯಾಪಾರ ನಡೆಯುತ್ತಿದ್ದದ್ದೇ ಅವರಿಂದ.

ಫೋನ್ ಬಡಿದುಕೊಂಡಿತು. ಬೇರೆ ಯಾರೋ ಗಿರಾಕಿ. ನಾಳೆ ಬೆಳಿಗ್ಗೆಗೇ ಪೆಟ್ಟಿಗೆ ಬೇಕಂತೆ.

"ಅಯ್ಯೋ, ನಾಳೆಗಾ ಸರ್..." ಒಡತಿ ತಡವರಿಸಿದಳು. "ಒಂದ್ನಿಮಿಷ, ಮ್ಯಾನೇಜರ್‌ಗೆ ಕೊಡ್ತೀನಿ."

ಫೋನನ್ನು ಎದೆಗೆ ಒತ್ತಿ ಹಿಡಿದಳು. ಮೇಜಿನ ಮೇಲಿದ್ದ, ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಹಸಿರು ಕ್ಲಿಪ್ಪನ್ನು ತೆಗೆದು ತನ್ನ ಮೂಗಿಗೆ ಸಿಕ್ಕಿಸಿಕೊಂಡಳು.

"ಮ್ಯಾನೇಜರ್ ಮಾತಾಡ್ತಿರೋದು. ನಾಳೆಗೆ ಆಗಲ್ಲ. ರಜೆ ಮುಗಿದ ಮೇಲೆ ಫೋನ್ ಮಾಡಿ."

ಅಕ್ಕ ಸೂಟ್‌ಕೇಸಿನ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಳಿಸಿದೆ ಅಂತ ಹೇಳಿಬಿಡೇ. ಸುಳ್ಳು ನಿನಗೇನು ಹೊಸದಾ?"

"ಆಮೇಲೆ ಆ ನೆಗಡಿ ಆಸಾಮಿ ಜೊತೆ ಜಗಳ ಆಡೋರು ಯಾರು? ನೀನು ಆಡ್ತೀಯಾ?"

ಒಡತಿಗೆ ಹುಟ್ಟಿದಾಗಿನಿಂದ 'ಇಲ್ಲ' ಎನ್ನಲು ಬಾಯಿ ಬರುತ್ತಿರಲಿಲ್ಲ. ಅಂಗಡಿ ತೆರೆದ ಹೊಸತರಲ್ಲಿ ಕಂಡವರ ಅವಸರಕ್ಕೆಲ್ಲ ಹೂಂ ಅಂದು, ಊಟ ನಿದ್ದೆ ಬಿಟ್ಟು ಪೆಟ್ಟಿಗೆ ಮಡಚಿದ್ದಳು. ಒಮ್ಮೆ ನಿಜವಾಗಿಯೇ ನೆಗಡಿಯಾದಾಗ ಗಿರಾಕಿಯೊಬ್ಬರು ದನಿ ಗುರುತಿಸದೆ, "ಯಾರು, ಮ್ಯಾನೇಜರಾ?" ಎಂದು ಕೇಳಿದರು. ಹೌದು ಎಂದಳು. ಅವರು ಚೌಕಾಸಿ ಮಾಡದೆ ಫೋನ್ ಇಟ್ಟರು. ಅಂದಿನಿಂದ ಅಂಗಡಿಯಲ್ಲಿ ಇಬ್ಬರು. ಈ ರಜೆ ಸಿಕ್ಕಿದ್ದೂ ಆ ಎರಡನೆಯವಳ ದಯೆಯಿಂದಲೇ. ಒಂದು ಪ್ಲಾಸ್ಟಿಕ್ ಕ್ಲಿಪ್ಪಿಗಾಗಿ ಇಷ್ಟೊಂದು ಸಂಕಟವೇ ಎಂದು ನೀವು ನಗಬಹುದು. ಅವಳಿಗಂತೂ ನಿಜವಾಗಿ ದುಃಖವಾಗಿತ್ತು.

ನಾಲ್ಕಕ್ಕೆ ಸರಿಯಾಗಿ ಸಣ್ಣ ವ್ಯಾನೊಂದು ಬಂದು ನಿಂತಿತು. ಮೇಣದ ಬತ್ತಿ ಕಂಪನಿಯ ಯಜಮಾನರು ತಾವೇ ಓಡಿಸಿಕೊಂಡು ಬಂದಿದ್ದರು. "ಡ್ರೈವರ್‌ಗೆ ರಜೆ ಕೊಟ್ಟೆ" ಎಂದರು ಸಂಕೋಚದಿಂದ. ಹೊರುವವರಿಗೂ ರಜೆಯಂತೆ, ಕಟ್ಟುಗಳನ್ನು ತಾವೇ ಒಂದೊಂದಾಗಿ ಎತ್ತಿ ವ್ಯಾನಿಗೆ ತುಂಬಿದರು. ಮುಂದಿನ ಸೀಟಿನಲ್ಲಿ ಒಂದು ಬಡಕಲು ನಾಯಿ ಕೂತಿತ್ತು.

ಮೇಜಿನ ಮೇಲೆ ಕೊನೆಯ ಕಟ್ಟೊಂದು ಉಳಿದಾಗ ಅವರು ಕೆಮ್ಮಿದರು. "ನಿಮ್ಮ ಮ್ಯಾನೇಜರ್ ಮೇಡಂ... ಹೊರಟುಹೋದ್ರಾ?"

ಹೂಂ ಅನ್ನು ಎಂದು ಅಕ್ಕ ಹಿಂದಿನಿಂದ ಕಣ್ಸನ್ನೆ ಮಾಡಿದಳು.

"ಇಲ್ಲ ಸರ್" ಎಂದಳು ಒಡತಿ. "ಅವರನ್ನ ಕಳಿಸಲ್ಲ. ನಿಮ್ಮ ಆರ್ಡರ್ ಹೋದ್ರೆ ಹೋಗಲಿ."

ಹೇಳಿಯಾದ ಮೇಲೆಯೇ ಅವಳಿಗೆ ಹೊಳೆದದ್ದು, ಮೂಗಿಗೆ ಕ್ಲಿಪ್ಪಿರಲಿಲ್ಲ.

ಯಜಮಾನರ ಮುಖ ಅರಳಿತು. "ಸದ್ಯ! ನಮ್ಮ ಖರೀದಿಯವನು ಕೋಪದಲ್ಲಿ ಏನೋ ಅಂದುಬಿಟ್ಟ. ಆಮೇಲೆ ವಾರವೆಲ್ಲ ನಿದ್ದೆ ಮಾಡಿಲ್ಲ. ಮನಸ್ಸು ಬಿಚ್ಚಿ ಜಗಳ ಆಡೋಕೆ ಅವನಿಗೆ ಸಿಗೋದೇ ನಿಮ್ಮ ಮೇಡಂ ಒಬ್ರು. ಆರ್ಡರ್ ನಿಮಗೇ, ಹಳೇ ರೇಟಿಗೇ."

"ಅಷ್ಟು ದೊಡ್ಡ ಆಫೀಸಲ್ಲಿ ಬೇರೆ ಯಾರೂ ಸಿಗಲ್ವಾ ಸರ್?"

ಅವರು ಕೊನೆಯ ಕಟ್ಟಿನ ಹಗ್ಗ ಬಿಗಿ ಮಾಡತೊಡಗಿದರು. ಹೊರಗೆ ನಾಯಿ ಬೊಗಳಿತು. ಇದು ಖರೀದಿ ವಿಭಾಗದ್ದು ಎಂದುಕೊಂಡಳು ಒಡತಿ. ಅದು ಮತ್ತೆ ಬೊಗಳಿತು. ಯಜಮಾನರ ಕೋಣೆಯ ನಾಯಿಯದೂ ಇದೇ ದನಿಯಲ್ಲವೇ ಎನ್ನಿಸಿತು.

ಕೊನೆಯ ಕಟ್ಟನ್ನು ಎತ್ತಲು ಯಜಮಾನರು ಮೇಜಿನ ಮೇಲೆ ಬಾಗಿದಾಗ, ಅವರ ಅಂಗಿಯ ಜೇಬಿನಿಂದ ನೀಲಿ ಬಣ್ಣದ ಬಟ್ಟೆ ಕ್ಲಿಪ್ಪೊಂದು ಜಾರಿ, ಹಸಿರು ಕ್ಲಿಪ್ಪಿನ ಪಕ್ಕದಲ್ಲೇ ಬಿತ್ತು.